ಸರದಾರನ ಊಟಕ್ಕೊಂದು ಸಾಚಾ ಹಾಡು

ಪ್ರಾಮಾಣಿಕನಾಗಿ ಬದುಕುವುದು ಕಷ್ಟ ಎಂದು ದೊಡ್ಡವರು ಹೇಳುತ್ತ ಬಂದಿದ್ದಾರೆ. ಅವರು ಹೇಳಿದ್ದು ಆಸೆಯನ್ನು ಗೆಲ್ಲುವ ಕಷ್ಟ. ನನ್ನ ಕಷ್ಟ ಅದಲ್ಲ. ನನಗೆ ಕದಿಯುವ ಆಸೆ ಎಳ್ಳಷ್ಟೂ ಇರಲಿಲ್ಲ. ಕಿಸೆಯಲ್ಲಿ ದುಡ್ಡಿತ್ತು, ಕೊಡುವ ಮನಸ್ಸೂ ಇತ್ತು, ತೆಗೆದುಕೊಳ್ಳುವವರು ಮಾತ್ರ ಇರಲಿಲ್ಲ. ನಮ್ಮ ಜಮಖಂಡಿ ಪೇಟೆಗೆ ಹೋಗಿ ಬೆಲ್ಲ ಕೇಳಿ ನೋಡಿ. ಅಂಗಡಿಯವರು ಮೊದಲು ಒಂದು ಚೂರು ಕೈಗೆ ಕೊಟ್ಟು ರುಚಿ ನೋಡಿ ಅನ್ನುತ್ತಾರೆ, ತೂಗುತ್ತಾರೆ, ಕಾಗದದಲ್ಲಿ ಸುತ್ತಿ ಕೊಡುತ್ತಾರೆ, ಮನೆಯವರೆಲ್ಲ ಆರಾಮ ಇದ್ದಾರೆಯೇ ಎಂದು ವಿಚಾರಿಸುತ್ತಾರೆ. ಈ ಬೆಲ್ಲ ನಿಮ್ಮ ಪ್ರದೇಶದಲ್ಲಿ ಲಭ್ಯವಿಲ್ಲ ಎನ್ನುವುದಿಲ್ಲ. ಕೊಂಡ ಬೆಲ್ಲವನ್ನು ನಮ್ಮ ಅಂಗಡಿಯ ಡಬ್ಬಿಯಲ್ಲೇ ಬಿಟ್ಟು, ಬೇಕಾದಾಗ ಇಲ್ಲಿಗೇ ಬಂದು ನೆಕ್ಕಿ ಹೋಗಬೇಕು ಎನ್ನುವುದಿಲ್ಲ. ಬೆಲ್ಲದಷ್ಟೇ ಸಾಧಾರಣವಾದ ಒಂದು ಹಳೆಯ ಸಿನೆಮಾ ಹಾಡನ್ನು ಕಾಸು ಕೊಟ್ಟು ನ್ಯಾಯವಾಗಿ ಕೊಳ್ಳಲು ಹೋಗಿ ನಾನು ಪಟ್ಟ ಪಾಡನ್ನು ಯಾರ ಮುಂದಾದರೂ ಹೇಳಿಕೊಳ್ಳಲೇಬೇಕು. ಓಣಿಯವರ ಮುಂದೆ ಹೇಳುವಂತಿಲ್ಲ, ಅವರು ಈಗಾಗಲೇ ಬೇಕಾದಷ್ಟು ಕೇಳಿದ್ದಾರೆ. ಹಾಗಾಗಿ ನಿಮ್ಮ ಮುಂದೆ ಹೇಳುತ್ತಿದ್ದೇನೆ.

ನಾನು ಇಲ್ಲಿಯ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರ ಹೇಳುವ ಮಾಸ್ತರ. ಒಮ್ಮೆ ಕಾಲೇಜಿನಲ್ಲಿ ಕೃತಿಸ್ವಾಮ್ಯದ ಬಗ್ಗೆ ಅರಿವು ಮೂಡಿಸುವ ಕಾರ್ಯಕ್ರಮವಿತ್ತು. ಭಾಷಣಕ್ಕೆ ಬರಬೇಕಾದ ಅತಿಥಿಗಳ ಬಸ್ಸು ಮುಧೋಳದಲ್ಲಿ ಕೆಟ್ಟು ನಿಂತಿತು. ಪ್ರಾಚಾರ್ಯರು ಸಭೆಯ ಮೇಲೆ ಕಣ್ಣಾಡಿಸಿ, ಹಾರ ತಂದಾಗಿದೆ, ಯಾರ ಕೊರಳಿಗಾದರೂ ಬೀಳಲೇಬೇಕು ಎಂಬ ಲೆಕ್ಕದಲ್ಲಿ ನನ್ನನ್ನು ವೇದಿಕೆಗೆ ತಳ್ಳಿದರು. ಹಾರ ಬಿದ್ದ ಮೇಲೆ ನನ್ನ ಬಾಯಿಗೆ ಲಗಾಮು ಇರಲಿಲ್ಲ. ಕದ್ದ ಹಾಡು ಕೇಳುವುದೂ ಒಂದೇ, ಕಲಾವಿದನ ತಟ್ಟೆಯ ರೊಟ್ಟಿ ಎಳೆದುಕೊಂಡು ತಿನ್ನುವುದೂ ಒಂದೇ ಎಂದೆ. ಹುಡುಗರೆಲ್ಲ ಕೈ ಮುಂದೆ ಚಾಚಿ ಪ್ರತಿಜ್ಞೆ ಮಾಡುವಂತೆ ಮಾಡಿದೆ. ಅವರಿಗಿಂತ ಎತ್ತರದ ದನಿಯಲ್ಲಿ ನಾನೂ ಮಾಡಿದೆ. ಮರುದಿನ ನನ್ನ ಫೋಟೋ ಪೇಪರಿನಲ್ಲಿ ಬಂತು. ನನ್ನ ಹೆಂಡತಿ ಮಹಾನಂದಾ ಅದನ್ನು ಕತ್ತರಿಸಿ, ಲ್ಯಾಮಿನೇಟ್ ಮಾಡಿಸಿ, ಟಿವಿಯ ಮೇಲಿನ ಗೋಡೆಗೆ ನೇತುಹಾಕಿದಳು. ಫೋಟೋದಲ್ಲಿ ನಾನು ಬೆರಳು ಚಾಚಿ ಯಾರಿಗೋ ಎಚ್ಚರಿಕೆ ಕೊಡುತ್ತಿದ್ದೇನೆ. ನಮ್ಮ ಪಡಸಾಲೆಯಲ್ಲಿ ಎಲ್ಲಿ ಕೂತರೂ ಆ ಬೆರಳು ನನ್ನ ಕಡೆಗೇ ಇರುತ್ತದೆ.

ಹುಡುಗರು ಆ ಪ್ರತಿಜ್ಞೆಯನ್ನು ಕಾಲೇಜಿನ ಗೇಟು ದಾಟುವ ಮೊದಲೇ ಮರೆತರು. ನಾನೂ ಮರೆಯುತ್ತಿದ್ದೆನೋ ಏನೋ, ಅಷ್ಟರಲ್ಲಿ ಸರದಾರ ಬಂದ.

ಸರದಾರ ಅಂದರೆ ನಾಯಿ. ಅಸಲಿ ಮುಧೋಳ ತಳಿ. ಬನಹಟ್ಟಿಯಲ್ಲಿ ಪಾವರ್‌ಲೂಮ್ ಮಗ್ಗಗಳ ಶೆಡ್ ನಡೆಸುವ ಮಹಾನಂದಾಳ ಅಣ್ಣ ಸಂಗಪ್ಪ ತಂಗಿಗೆ ಪ್ರೀತಿಯಿಂದ ಕೊಟ್ಟದ್ದು. ತವರಿನಿಂದ ಬಂದ ಸ್ಟೀಲಿನ ಚರಿಗೆಗೆ ಸಣ್ಣ ತಗ್ಗು ಬಿದ್ದರೂ ವಾರಗಟ್ಟಲೆ ವಿಚಾರಣೆ ನಡೆಯುವ ಮನೆ ನಮ್ಮದು. ಇನ್ನು ತವರಿನ ನಾಯಿ ಅಂದರೆ ಕೇಳಬೇಕೆ? ಬಂದ ದಿನ ಗೋವಿನಜೋಳದ ನುಚ್ಚು ಕುದಿಸಿ, ಹಾಲು ಹಾಕಿ, ಆರಿಸಿ ಇಟ್ಟಳು. ಸರದಾರ ಮೂಸಿ ನೋಡಿ, ಎರಡು ಹೆಜ್ಜೆ ಹಿಂದೆ ಸರಿದು, ಯಾರದೋ ದಾರಿ ಕಾಯುವವನ ಹಾಗೆ ಕಿವಿ ನಿಮಿರಿಸಿ ನಿಂತ. ಸಂಜೆಯವರೆಗೂ ನಿಂತೇ ಇದ್ದ. ರೊಟ್ಟಿ ಮುರಿದು ಹಾಕಿದೆವು, ಮೊಟ್ಟೆ ಕಲಸಿ ಹಾಕಿದೆವು, ಅದಕ್ಕೂ ಕಿವಿ ನಿಮಿರಿಸಿದನೇ ಹೊರತು ಬಾಯಿ ತೆರೆಯಲಿಲ್ಲ. ಮುಧೋಳ ನಾಯಿಯ ವಿಷಯದಲ್ಲಿ ಇನ್ನೊಂದು ಪೇಚಿದೆ. ಹೊಟ್ಟೆ ತುಂಬ ಉಂಡ ನಾಯಿಯ ಪಕ್ಕೆಲುಬೂ ಎಣಿಸುವ ಹಾಗೇ ಕಾಣುತ್ತದೆ, ಉಪವಾಸ ಬಿದ್ದದ್ದರದೂ ಹಾಗೇ ಕಾಣುತ್ತದೆ. ದನದ ಡಾಕ್ಟರರಿಗೆ ತೋರಿಸಿದೆ. ಅವರು ಹಲ್ಲು ನೋಡಿ, ಹೊಟ್ಟೆ ಒತ್ತಿ, "ಜಾತಿನಾಯಿ ಇರೋದs ಹಿಂಗರೀ ಸರ, ಏನೂ ಆಗಿಲ್ಲ, ಭಾಳ ಛಲೋ ಐತಿ" ಎಂದು ಹೊಗಳಿ ಕಳಿಸಿದರು.

ಕೊನೆಗೆ ಮಹಾನಂದಾ ಅಣ್ಣನಿಗೆ ಫೋನ್ ಮಾಡಿದಳು. ಅವನು ಆಚೆಯಿಂದ ಗಹಗಹಿಸಿ ನಕ್ಕ.

"ಹಾಡ ಹಚ್ಚಿದ್ದಿ ಏನ?"

"ಯಾವ ಹಾಡೋ ಅಣ್ಣಾ?"

"ಅದs ಬೇ, ಬಾವಿಕಟ್ಟಿ ಹಾಡ. ನಮ್ಮ ಶೆಡ್‌ನ್ಯಾಗ ನಾಯಿಗೆ ನುಚ್ಚು ಹಾಕೂ ಮುಂದ ದಿನಾ ಅದs ಹಾಡ ಹಚ್ಚತೇವಲ್ಲ. ಕಣ್ಣ ಬಿಟ್ಟಾಗಿಂದ ಅದನ್ನ ಕೇಳಿ ಉಂಡೈತಿ. ಈಗ ಹಾಡ ಇಲ್ದ ಹೆಂಗ ಉಣ್ಣತೈತಿ? ಪೆನ್‌ಡ್ರೈವ್ ಕಳಸ್ತೀನಿ ತಡಿ, ಸಾವಿರ ಹಾಡ ಅದಾವ ಅದರಾಗ."

ನಾನು ಗೋಡೆಯ ಮೇಲಿನ ಫೋಟೋ ನೋಡಿದೆ. ಬೆರಳು ಅಲ್ಲೇ ಇತ್ತು. ಫೋನ್ ಇಸಿದುಕೊಂಡು, "ಬೇಡ ಸಂಗಪ್ಪ, ಪೆನ್‌ಡ್ರೈವಿನಲ್ಲಿ ಇರುವುದು ಕದ್ದ ಮಾಲು. ನಾನು ಆ ಹಾಡನ್ನು ಕ್ರಮಬದ್ಧವಾಗಿ ಕೊಂಡು ಕೇಳಿಸುತ್ತೇನೆ" ಎಂದೆ. ಆಚೆ ಕಡೆ ಮಗ್ಗಗಳು ಖಟಖಟ ಎನ್ನುತ್ತಿದ್ದವು.

"ಮಾಸ್ತರ, ಹಾಡ ಯಾರರ ಕೊಳ್ತಾರೇನ್ರೀ?" ಎಂದ ಸಂಗಪ್ಪ. ಅವನ ದನಿಯಲ್ಲಿ ಹಾಸ್ಯವಿರಲಿಲ್ಲ, ನಿಜವಾದ ಕಳವಳವಿತ್ತು. "ಆತು, ನಿಮ್ಮ ಮರ್ಜಿ. ಬರೂ ಅಮಾಸಿಗೆ ಮಗ್ಗಕ್ಕ ಸೂಟಿ ಐತಿ, ಬಂದ ನೋಡ್ತೀನಿ. ಅಷ್ಟ್ರಾಗ ನಾಯಿ ಉಣ್ಣಾಕ ಹತ್ತಿರಲಿಲ್ಲಂದ್ರ ನಾನು ಹೊಳ್ಳಿ ಕರಕೊಂಡ ಹೊಕ್ಕೀನಿ. ಬ್ಯಾಸರ ಮಾಡ್ಕೋಬ್ಯಾಡ್ರಿ."

ಮಹಾನಂದಾ ನನ್ನನ್ನು ನೋಡಿದ ನೋಟವನ್ನು ಇಲ್ಲಿ ಬಣ್ಣಿಸುವುದಿಲ್ಲ. ಸಂಸಾರವಂದಿಗರಿಗೆ ಅದರ ಪರಿಚಯ ಇದ್ದೇ ಇರುತ್ತದೆ. "ತವರಮನಿ ನಾಯಿ ಹೊಳ್ಳಿ ಹೋತು ಅಂದ್ರ ಬನಹಟ್ಟ್ಯಾಗ ನಾ ಹೆಂಗ ಮಾರಿ ತೋರಿಸ್ಲಿ? ನಾಯಿಗೆ ಉಣ್ಣಾಕ ಹಾಕಲಾರದ ಮನಿಗೆ ಮಗಳನ್ನ ಕೊಟ್ಟಾರ ಅಂತಾರ ಮಂದಿ" ಎಂದಳು. ಅಂದಿನಿಂದ ಅವಳು ತನ್ನ ಕೈಯಿಂದ ತುತ್ತು ತುತ್ತಾಗಿ ತಿನ್ನಿಸಿ, ಬೆನ್ನು ಸವರಿ, ಹೇಗೋ ಅದರ ಜೀವ ಹಿಡಿದುಕೊಂಡಿದ್ದಳು. ಅವಳಿಗೆ ಆ ನಾಯಿಯ ಮೇಲೆ ಜೀವವೇ ಇತ್ತು. ನನಗೂ ಇತ್ತು, ಹೇಳಿಕೊಳ್ಳುತ್ತಿರಲಿಲ್ಲ ಅಷ್ಟೆ.

ಸಂಗಪ್ಪ ಬಾವಿಕಟ್ಟೆ ಹಾಡು ಅಂದನಲ್ಲ, ಅದು ಕಪ್ಪು ಬಿಳುಪು ಕಾಲದ ಒಂದು ಚಿತ್ರದ್ದು. ನಾಯಕಿ ಬಾವಿಕಟ್ಟೆಯ ಮೇಲೆ ಕೂತು ನಾಯಕನ ಮೇಲಿನ ದೂರನ್ನೆಲ್ಲ ನೀರಿಗೆ ಹೇಳುತ್ತಾಳೆ. ಹಾಡಿನ ಸಾಲನ್ನು ಇಲ್ಲಿ ಬರೆಯುವುದಿಲ್ಲ, ಅದಕ್ಕೂ ಯಾರದಾದರೂ ಹಕ್ಕು ಇದ್ದೀತೆಂಬ ಹೆದರಿಕೆ ಈಗ ನನಗೆ ಮೈಗೂಡಿದೆ. ಮೊದಲು ವಿಡಿಯೊ ತಾಣದಲ್ಲಿ ಹುಡುಕಿದೆ. ತಕ್ಷಣ ಸಿಕ್ಕಿತು. ಏರಿಸಿದವರ ಹೆಸರು 'ಮಂಜು ಹಳೇ ನೆನಪು' ಎಂದಿತ್ತು. ಈ ಮಂಜುವಿಗೆ ಹಾಡಿನ ಹಕ್ಕು ಎಲ್ಲಿಂದ ಬಂತು? ನಾನು ಕೆಳಗೆ ಗೌರವದಿಂದಲೇ ಬರೆದೆ: ಮಾನ್ಯರೇ, ಈ ಹಾಡಿನ ಹಕ್ಕು ತಮ್ಮಲ್ಲಿದೆಯೇ, ದಯವಿಟ್ಟು ತಿಳಿಸಿ. ಮಂಜು ಕೂಡಲೇ ಎರಡು ಕೈ ಮುಗಿದ ಚಿತ್ರ ಹಾಕಿ, 'ಧನ್ಯವಾದ ಸರ್, ಹೀಗೇ ಪ್ರೋತ್ಸಾಹ ಕೊಡಿ' ಎಂದು ಉತ್ತರಿಸಿದ. ನಾನು ಪ್ರೋತ್ಸಾಹ ಕೊಡದೆ ಹೊರಬಂದೆ.

ಆಮೇಲೆ ಹಾಡುಗಳ ಆ್ಯಪ್ ಒಂದಕ್ಕೆ ಚಂದಾದಾರನಾದೆ. ಅದರಲ್ಲಿ ಹಾಡನ್ನು ಕೊಳ್ಳಲು ಬರುವುದಿಲ್ಲ, ಚಂದಾ ಕಟ್ಟುತ್ತ ಇರುವವರೆಗೆ ಕೇಳಬಹುದು, ಕಟ್ಟುವುದು ನಿಂತ ದಿನ ಹಾಡೂ ನಿಲ್ಲುತ್ತದೆ. ಇರಲಿ ಎಂದುಕೊಂಡೆ. ಬಾವಿಕಟ್ಟೆ ಹಾಡು ಅಲ್ಲಿತ್ತು. ಖುಷಿಯಿಂದ ಸರದಾರನನ್ನು ಕರೆದು, ನುಚ್ಚಿನ ತಟ್ಟೆ ಇಟ್ಟು, ಒತ್ತಿದೆ. ಅದು ಅಸಲಿ ಹಾಡಾಗಿರಲಿಲ್ಲ. ಇತ್ತೀಚೆಗೆ ಯಾರೋ ಹೊಸ ವಾದ್ಯ ಸೇರಿಸಿ ಮಾಡಿದ್ದು. ನಾಯಕಿ ಬಾಯಿ ತೆರೆಯುವ ಮೊದಲೇ ಗೋಡೆ ಬಿದ್ದ ಹಾಗೆ ಡ್ರಮ್ಮು, ನಡುನಡುವೆ ಒಬ್ಬ ಗಂಡಸು ಇಂಗ್ಲಿಷಿನಲ್ಲಿ ಗದರಿಸುತ್ತಿದ್ದ. ಬೇಟೆಗೆ ಹೆಸರಾದ ತಳಿಯ ಸರದಾರ ಮಂಚದ ಕೆಳಗೆ ಹೋಗಿ ಸೇರಿಕೊಂಡ. ಹೊರಗೆ ತರಲು ಮಹಾನಂದಾಳೂ ಮಂಚದ ಕೆಳಗೆ ಹೋಗಬೇಕಾಯಿತು.

ಹಾಡು ಬಿಡಿಯಾಗಿ ಸಿಗದಿದ್ದರೆ ಸಿನೆಮಾವನ್ನೇ ಇಡಿಯಾಗಿ ಕೊಂಡುಬಿಡೋಣ ಎಂದು ತೀರ್ಮಾನಿಸಿದೆ. ಸಿನೆಮಾ ಮಾರುವ ಒಂದು ತಾಣದಲ್ಲಿ ಅದು ಇತ್ತು. ಕಾರ್ಡಿನ ಅಂಕಿಗಳನ್ನೆಲ್ಲ ತುಂಬಿದೆ. ಓಟಿಪಿ ಬರುತ್ತದೆ ಎಂದಿತು. ಅದು ಹೋದದ್ದು ಮಹಾನಂದಾಳ ಫೋನಿಗೆ. ಬ್ಯಾಂಕಿನಲ್ಲಿ ಖಾತೆ ತೆಗೆಯುವಾಗ ಅವಳ ನಂಬರು ಕೊಟ್ಟಿದ್ದೆ. ಅವಳು ಅಂದು ಗೆಳತಿಯ ಬಸುರಿ ಮಗಳ ಕುಬಸಕ್ಕೆಂದು ಮುಧೋಳಕ್ಕೆ ಹೋಗಿದ್ದಳು. ಫೋನ್ ಮಾಡಿದೆ.

"ಮಹಾನಂದಾ, ನಿನ್ನ ಫೋನಿಗೆ ಒಂದು ನಂಬರು ಬಂದಿರಬೇಕು, ಬೇಗ ಹೇಳು."

"ಹೇಳಂಗಿಲ್ಲ."

"ಯಾಕೆ?"

"ಓಟಿಪಿ ಯಾರ ಕೇಳಿದ್ರೂ ಹೇಳಬ್ಯಾಡ, ನನ್ನ ದನಿ ಮಾಡಿ ಕೇಳಿದ್ರೂ ಹೇಳಬ್ಯಾಡ ಅಂತ ನೀವs ಅಂದಿಲ್ಲೇನ್ರೀ? ಈಗಿನ ಕಾಲದಾಗ ಯಾರ ದನೀನೂ ಮಾಡ್ತಾರಂತ."

"ಅಯ್ಯೋ, ನಾನೇ ಕಣೇ!"

"ನೋಡ್ರಿ, ನಮ್ಮ ಮನಿಯವ್ರು ಎಂದೂ 'ಕಣೇ' ಅಂದಾವ್ರಲ್ಲ" ಎಂದು ಫೋನ್ ಇಟ್ಟುಬಿಟ್ಟಳು.

ತಪ್ಪು ನನ್ನದೇ. ಸಿಟ್ಟು ಬಂದಾಗ ನನಗೆ ಎಲ್ಲಿಂದಲೋ ಬೆಂಗಳೂರಿನ ಭಾಷೆ ಬಂದುಬಿಡುತ್ತದೆ. ಅವಳು ಊರಿಗೆ ಮರಳಿ, ನನ್ನನ್ನು ಕಣ್ಣಾರೆ ನೋಡಿ, ನಾನೇ ಎಂದು ಖಾತ್ರಿ ಮಾಡಿಕೊಂಡ ಮೇಲೆ ಮತ್ತೆ ಮೊದಲಿನಿಂದ ಎಲ್ಲ ತುಂಬಿದೆವು. ಸಿನೆಮಾ ನಮ್ಮದಾಯಿತು. ನಾವಿಬ್ಬರೂ ಸರದಾರನೂ ಟಿವಿಯ ಮುಂದೆ ಕೂತೆವು. ಬಾವಿ ಬಂತು. ಬಾವಿಕಟ್ಟೆ ಬಂತು. ನಾಯಕಿ ಕೊಡ ಕೆಳಗಿಟ್ಟು, ಸೆರಗು ಸರಿಮಾಡಿಕೊಂಡು, ನಿಟ್ಟುಸಿರು ಬಿಟ್ಟು ಬಾಯಿ ತೆರೆದಳು. ಮರುಕ್ಷಣ ಅದೇ ನಾಯಕಿ ಮನೆಯಲ್ಲಿ ಮಾವನಿಗೆ ಊಟ ಬಡಿಸುತ್ತಿದ್ದಳು. ಹಿಂದೆ ಒಯ್ದು ನೋಡಿದೆ. ಮತ್ತೆ ಬಾಯಿ ತೆರೆದಳು, ಮತ್ತೆ ಊಟ ಬಡಿಸಿದಳು. ನಾಯಿಗೆ ಊಟ ಮಾಡಿಸಲೆಂದು ಕೊಂಡ ಸಿನೆಮಾದಲ್ಲಿ ಮಾವ ಒಬ್ಬನೇ ಊಟ ಮಾಡುತ್ತಿದ್ದ.

ಸಹಾಯ ಬೇಕಾದರೆ ಮಾತಾಡಿ ಎಂದು ಮೂಲೆಯಲ್ಲೊಂದು ಗುರುತು ಇತ್ತು. ಒತ್ತಿ, ಹಾಡು ಕತ್ತರಿಸಿಹೋಗಿದೆ ಎಂದು ಬರೆದೆ. ಉತ್ತರ ಕೊಡುವವರು ಮನುಷ್ಯರಲ್ಲ, ಯಂತ್ರ ಎಂದು ಗೊತ್ತಾಗಲು ತಡವಾಯಿತು, ಯಾಕೆಂದರೆ ಅದರ ವಿನಯ ನಮ್ಮ ಆಫೀಸುಗಳಲ್ಲಿ ಯಾವ ಮನುಷ್ಯರಲ್ಲೂ ನಾನು ಕಂಡದ್ದಲ್ಲ. 'ನಿಮ್ಮ ಅನಾನುಕೂಲತೆಗೆ ವಿಷಾದಿಸುತ್ತೇವೆ. ಚಿತ್ರದ ಹಕ್ಕು ನಮ್ಮಲ್ಲಿದೆ, ಹಾಡಿನ ಹಕ್ಕು ನಮ್ಮಲ್ಲಿಲ್ಲ' ಎಂದಿತು. ನಾನು ಕರಗಿ, ನಾಯಿ ಉಣ್ಣುತ್ತಿಲ್ಲ, ಅಮಾವಾಸ್ಯೆ ಹತ್ತಿರ ಬಂತು, ಹೆಂಡತಿ ಮುಖ ಕೊಟ್ಟು ಮಾತಾಡುತ್ತಿಲ್ಲ ಎಂದು ಮನಸ್ಸಿನ ದುಃಖವನ್ನೆಲ್ಲ ಬರೆದೆ. 'ನಿಮ್ಮ ನಾಯಿಯ ಬಗ್ಗೆ ತಿಳಿದು ವಿಷಾದವಾಯಿತು. ದಯವಿಟ್ಟು ಒಮ್ಮೆ ಆಫ್ ಮಾಡಿ ಆನ್ ಮಾಡಿ' ಎಂದಿತು. ಯಾವುದನ್ನು ಎಂದು ಹೇಳಲಿಲ್ಲ.

ಇನ್ನೊಂದು ತಾಣದಲ್ಲಿ ಅಸಲಿ ಹಾಡೇ ಇತ್ತು, ಆದರೆ 'ನಿಮ್ಮ ಪ್ರದೇಶದಲ್ಲಿ ಲಭ್ಯವಿಲ್ಲ' ಎಂದು ಕೆಂಪಕ್ಷರ ಬಂತು. ಪ್ರದೇಶವನ್ನು ಬದಲಿಸಿ ನೋಡಿ ಎಂದು ಕೊಟ್ಟಿದ್ದ ದೇಶಗಳ ಹೆಸರುಗಳಲ್ಲಿ ಅರ್ಧ ನಾನು ಪಾಠ ಹೇಳುವ ಪುಸ್ತಕದಲ್ಲೂ ಇರಲಿಲ್ಲ. ಯಾವುದೋ ಸಮುದ್ರದ ನಡುವಿನ ದ್ವೀಪದಲ್ಲಿ ಕನ್ನಡದ ಬಾವಿಕಟ್ಟೆ ಹಾಡು ಸಿಗುತ್ತದೆ, ಕೃಷ್ಣಾ ಹೊಳೆಯ ದಂಡೆಯಲ್ಲಿ ಸಿಗುವುದಿಲ್ಲ. ಆ ದ್ವೀಪದಲ್ಲಿ ಅದನ್ನು ಯಾರು ಕೇಳುತ್ತಾರೆ, ಅವರ ನಾಯಿಗಳಾದರೂ ಸರಿಯಾಗಿ ಉಣ್ಣುತ್ತಿವೆಯೇ ಎಂದು ನನಗೆ ಹೊಟ್ಟೆಕಿಚ್ಚಾಯಿತು. ಕೊನೆಗೆ, ಯಾರೂ ಕೇಳಿರದ ಒಂದು ಚಿಕ್ಕ ತಾಣದಲ್ಲಿ ಅಸಲಿ ಹಾಡು ಮಾರಾಟಕ್ಕಿತ್ತು. ಕೊಂಡೆ. ಓಟಿಪಿ ಬಂತು, ಮಹಾನಂದಾ ಎದುರಿಗೇ ಕೂತು ಹೇಳಿದಳು. 'ಅಭಿನಂದನೆಗಳು, ಈ ಹಾಡು ಇನ್ನು ಶಾಶ್ವತವಾಗಿ ನಿಮ್ಮದು' ಎಂದು ಬಂತು. ಮನೆ ಕಟ್ಟಿಸಿ ಬಾಗಿಲಿಗೆ ತೋರಣ ಕಟ್ಟಿದ ದಿನವೂ ನನಗೆ ಅಷ್ಟು ಸಂತೋಷವಾಗಿರಲಿಲ್ಲ. ಗೋಡೆಯ ಫೋಟೋದ ಕಡೆ ಧೈರ್ಯವಾಗಿ ನೋಡಿದೆ.

ತಟ್ಟೆ ಇಟ್ಟೆ. ಹಾಡು ಹಚ್ಚಿದೆ. ತಿದ್ದಿ ತೀಡಿ ಸ್ವಚ್ಛ ಮಾಡಿದ ಹಾಡು, ಬಾವಿಯ ಗಡಗಡೆಯ ಸದ್ದೂ ಬಿಡಿಬಿಡಿಯಾಗಿ ಕೇಳುತ್ತಿತ್ತು. ಸರದಾರ ಓಡಿ ಬಂದ, ಬಾಲ ಅಲ್ಲಾಡಿಸಿದ, ತಟ್ಟೆಗೆ ಮೂತಿ ಇಟ್ಟ. ಆಮೇಲೆ ಮೂತಿ ಎತ್ತಿ, ಫೋನನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿ, ಏನೋ ಕಡಿಮೆಯಾಗಿದೆ ಎಂಬಂತೆ ಕೂತುಬಿಟ್ಟ.

ಮಹಾನಂದಾ ಅಳುವುದೊಂದು ಬಾಕಿ. ಅಣ್ಣನಿಗೆ ಫೋನ್ ಹಚ್ಚಿ, ಹಾಡನ್ನು ಅವನಿಗೆ ಕೇಳಿಸಿದಳು. ಸಂಗಪ್ಪ ಪೂರ್ತಿ ಕೇಳಿದ.

"ಹಾಡ ಬರೋಬ್ಬರಿ ಐತಿ. ಖಟಪಟ ಎಲ್ಲೈತಿ?"

"ಏನ ಖಟಪಟ?"

"ಮಗ್ಗದ್ದು! ನಮ್ಮ ಶೆಡ್‌ನ್ಯಾಗ ಮಗ್ಗ ಬಂದ್ ಮಾಡಿ ಯಾರ ಹಾಡ ಕೇಳ್ತಾರ? ನಾಯಿ ಒಂದ ದಿನಾನೂ ಬರೇ ಹಾಡ ಕೇಳಿದ್ದಲ್ಲ. ಖರೆ ಹೇಳಬೇಕಂದ್ರ ನಾನೂ ಕೇಳಿಲ್ಲ. ಇಷ್ಟ ಛಲೋ ಐತಿ ಅಂತ ಇವತ್ತs ಗೊತ್ತಾತು."

ಮಗ್ಗದ ಸದ್ದನ್ನು ಎಲ್ಲಿಂದ ತರುವುದು? ಯಾವ ಆ್ಯಪ್ ಕೂಡ ಅದನ್ನು ಮಾರುವುದಿಲ್ಲ. ಬನಹಟ್ಟಿಗೆ ಹೋಗಿ ರೆಕಾರ್ಡ್ ಮಾಡಿಕೊಂಡು ಬರೋಣವೆಂದರೆ, ಮಗ್ಗದ ಜೊತೆ ಪೆನ್‌ಡ್ರೈವಿನ ಕದ್ದ ಹಾಡೂ ಸೇರಿ ಬರುತ್ತದೆ. ಹಾಡು ನಿಲ್ಲಿಸಿ ಎಂದರೆ ನೇಕಾರರ ಕೈ ಓಡುವುದಿಲ್ಲವಂತೆ. ನಾನು ತಲೆಗೆ ಕೈಹೊತ್ತು ಕೂತಾಗ ಮಹಾನಂದಾ ಎದ್ದು ಹೋಗಿ ಮೂಲೆಯಲ್ಲಿದ್ದ ತನ್ನ ಹೊಲಿಗೆ ಮಷೀನಿನ ಮುಂದೆ ಕೂತಳು. ಬನಹಟ್ಟಿಯ ಮಗಳು, ಮಗ್ಗದ ಲಯ ಅವಳ ಕಾಲಿಗೆ ಹುಟ್ಟಿನಿಂದ ಗೊತ್ತು. "ಹಾಡ ಹಚ್ಚರಿ" ಎಂದು ತುಳಿಯತೊಡಗಿದಳು. ಖಟಖಟ ಖಟಖಟ. ಸರದಾರನ ಕಿವಿ ನೆಟ್ಟಗಾದವು. ಎದ್ದ, ಬಂದ, ತಟ್ಟೆಗೆ ಬಾಯಿ ಹಾಕಿದ. ನುಚ್ಚು ನೆಕ್ಕುವ ಸದ್ದು ಕೇಳಿ ನನ್ನ ಕಣ್ಣಲ್ಲಿ ನೀರು ಬಂದದ್ದನ್ನು ಮುಚ್ಚಿಡುವುದಿಲ್ಲ. ಮಹಾನಂದಾ ನನ್ನೊಡನೆ ನಗುತ್ತ ಮಾತಾಡಿದಳು, ಚಹವನ್ನೂ ಮಾಡಿಕೊಟ್ಟಳು.

ಅಮಾವಾಸ್ಯೆಯ ದಿನ ಸಂಗಪ್ಪ ಬಂದ. ಕೈಯಲ್ಲಿ ಸರಪಳಿ ಇತ್ತು. ಬೇಕಾದೀತು ಎಂದು ತಂದಿದ್ದನಂತೆ. ನಾನು ಮುಗುಳ್ನಕ್ಕು ಕೂರಲು ಹೇಳಿದೆ. ಮಹಾನಂದಾ ತಟ್ಟೆ ಇಟ್ಟು ಮಷೀನಿನ ಮುಂದೆ ಕೂತಳು. ನ್ಯಾಯಮಾರ್ಗದಲ್ಲಿ ನಡೆಯುವವರು ಹೇಗೆ ಗೆಲ್ಲುತ್ತಾರೆ ಎಂದು ಎರಡು ಮಾತು ಆಡಿ, ಫೋನ್ ತೆಗೆದು, ನನ್ನ ಸ್ವಂತ ಹಾಡನ್ನು ಒತ್ತಿದೆ. ಹಾಡಿನ ಹೆಸರು ಬೂದಿ ಬಣ್ಣಕ್ಕೆ ತಿರುಗಿತ್ತು. 'ಹಕ್ಕುದಾರರ ಕೋರಿಕೆಯಂತೆ ಈ ಹಾಡನ್ನು ತೆಗೆಯಲಾಗಿದೆ' ಎಂದು ಬಂತು. ಶಾಶ್ವತ ಅಂದರೆ ಹೋದ ವಾರದಿಂದ ಈ ವಾರದವರೆಗೆ ಎಂದು ನನಗೆ ಯಾರೂ ಹೇಳಿರಲಿಲ್ಲ.

ಮಷೀನು ಖಟಖಟ ಎನ್ನುತ್ತಿತ್ತು. ಸರದಾರ ತಟ್ಟೆಯ ಮುಂದೆ ನಿಂತು ನನ್ನನ್ನೇ ನೋಡುತ್ತಿದ್ದ. ಮಹಾನಂದಾ ತುಳಿಯುತ್ತಲೇ ಕಣ್ಣಿನಿಂದ 'ಏನಾತು' ಎಂದಳು. ಸಂಗಪ್ಪ ಕಿಸೆಗೆ ಕೈ ಹಾಕಿ, "ಮಾಸ್ತರ, ಪೆನ್‌ಡ್ರೈವ್ ಇಲ್ಲೇ ಐತ್ರೀ" ಎಂದ. ಗೋಡೆಯ ಮೇಲೆ ಬೆರಳು. ನೆಲದ ಮೇಲೆ ಸರಪಳಿ. ಆಗ ನಾನು ಏನು ಮಾಡುತ್ತಿದ್ದೇನೆಂದು ನನಗೇ ತಿಳಿಯುವ ಮೊದಲು ಬಾಯಿ ತೆರೆದು ಹಾಡಿದೆ.

ನಾನು ಹಿಂದೆಂದೂ ಹಾಡಿದವನಲ್ಲ. ಶಾಲೆಯಲ್ಲಿ ಪ್ರಾರ್ಥನೆಗೆ ನಿಂತಾಗಲೂ, ನೀನು ಬರೀ ತುಟಿ ಆಡಿಸಪ್ಪ ಎಂದು ಗುರುಗಳು ಕೈಮುಗಿದು ಹೇಳಿದ್ದರು. ಈಗ ನಾಯಕಿಯ ದೂರುಗಳನ್ನೆಲ್ಲ, ಗೊತ್ತಿದ್ದಷ್ಟು ಮಾತಿನಲ್ಲಿ, ಇಲ್ಲದ ಕಡೆ ಊಂ ಎನ್ನುತ್ತ, ದೊಡ್ಡ ದನಿಯಲ್ಲಿ ಒಪ್ಪಿಸಿದೆ. ಎದುರು ಮನೆಯ ಕಿಟಕಿ ದಡಾರನೆ ಮುಚ್ಚಿತು. ಸರದಾರ ಒಂದು ಗಳಿಗೆ ತಲೆ ಓರೆ ಮಾಡಿದ. ಆಮೇಲೆ ತಟ್ಟೆಗೆ ಬಾಯಿ ಹಾಕಿ, ಎಂದೂ ಇಲ್ಲದ ವೇಗದಲ್ಲಿ, ತಲೆಯನ್ನೇ ಎತ್ತದೆ, ತಳದವರೆಗೆ ನೆಕ್ಕಿ ಮುಗಿಸಿ, ಹಿತ್ತಲಿಗೆ ಓಡಿಹೋದ. ಸಂಗಪ್ಪ ಸರಪಳಿಯನ್ನು ಸುತ್ತಿಕೊಂಡು, "ಆತ್ ಬಿಡ್ರಿ, ನಾಯಿ ಇಲ್ಲೇ ಇರ್ಲಿ. ನಾ ಬರ್ತೀನಿ, ಚಾ ಬ್ಯಾಡ" ಎಂದು ಚಪ್ಪಲಿ ಮೆಟ್ಟುತ್ತಲೇ ಹೊರಟ.

ಈಗ ದಿನಾ ಇದೇ ನಡೆದಿದೆ. ಮಹಾನಂದಾ ತುಳಿಯುತ್ತಾಳೆ, ನಾನು ಹಾಡುತ್ತೇನೆ, ಸರದಾರ ಉಣ್ಣುತ್ತಾನೆ. ಸುಮ್ಮನೆ ತುಳಿಯುವುದೇಕೆಂದು ಅವಳು ಹೊಲಿದ ದಿಂಬಿನ ಚೀಲಗಳು ಓಣಿಯ ಎಲ್ಲ ಮನೆಗಳಿಗೆ ಮುಟ್ಟಿವೆ. ಪಡೆದವರು ಕೃತಜ್ಞತೆಯಿಂದಲೋ ಏನೋ ದೂರು ಹೇಳುವುದಿಲ್ಲ. ನಾನೂ ಒಂದು ಬಗೆಯ ಕಲಾವಿದನಾದೆನಲ್ಲ ಎಂಬ ಹಮ್ಮು ನನ್ನೊಳಗೆ ನಿಧಾನವಾಗಿ ಬೆಳೆಯುತ್ತಿತ್ತು. ಅಷ್ಟರಲ್ಲಿ ಎದುರು ಮನೆಯ ವಕೀಲರು ಒಂದು ಸಂಜೆ ಬಂದು ಕೂತು, "ಸರ, ತಪ್ಪ ತಿಳಕೋಬ್ಯಾಡ್ರಿ. ಇನ್ನೊಬ್ಬರ ಹಾಡನ್ನ ಹಿಂಗ ಓಣಿಗೆಲ್ಲ ಕೇಳೂ ಹಂಗ ದಿನಾ ಹಾಡೂದಂದ್ರ ಅದೂ ಕೃತಿಸ್ವಾಮ್ಯದಾಗ ಬರಬಹುದು. ಕಂಪನಿಯವ್ರಿಗೆ ಗೊತ್ತಾದ್ರ ನೋಟೀಸ ಬರ್ತೈತಿ, ನೋಡ್ರಿ ಮತ್ತ" ಎಂದರು.

ಇಷ್ಟೆಲ್ಲ ಪಾಡುಪಟ್ಟು ಕೊನೆಗೆ ನಾನೇ ಕಳ್ಳನಾದೆನೆ? ವಕೀಲರು ಹೋದ ಮೇಲೆ ಊಟ ಸೇರದೆ ತಟ್ಟೆಯ ಮುಂದೆ ಸುಮ್ಮನೆ ಕೂತಿದ್ದೆ. ಮಹಾನಂದಾ ರೊಟ್ಟಿ ಬಡಿಸುತ್ತ ಕೇಳಿದಳು, ಹೇಳಿದೆ. ಅವಳು ಸ್ವಲ್ಪವೂ ಗಾಬರಿಯಾಗಲಿಲ್ಲ.

"ಉಣ್ರಿ ಸುಮ್ನ" ಎಂದಳು. "ಕಂಪನಿಯವ್ರು ಖುದ್ದ ಬಂದ, ಮುಂದ ಕೂತ, ಪೂರ್ತಿ ಕೇಳಲಿ ಬೇಕಾದ್ರ. ಇದು ನಮ್ಮ ಹಾಡಲ್ಲ ಅಂತ ಬರದ ಕೊಟ್ಟs ಹೊಕ್ಕಾರ."